ಹಳೇ ಕಾರಿನ ಕಡ್ಡಿ ವೀಲಿಗೆ ನಟ್ಟು ಹುಡುಕೋರು ಮೊದಲು ವೀಲಿನ ತೂತು ನೋಡಿ

ಹಳೇ ಕಾರು ಇಟ್ಕೊಂಡಿರೋರು ಸ್ಪೋಕ್ ವೀಲಿಗೆ ನಟ್ಟು ಬೇಕು ಅಂತ ಕೇಳ್ದಾಗ ಹೇಳೋದು ಒಂದೇ ವಿಷ್ಯ, ಥ್ರೆಡ್ ಸೈಜು. "ಅರ್ಧ ಇಂಚಿಂದು ಬೇಕು, ಎಲ್ಲಿ ಸಿಗತ್ತೆ" ಅಂತ. ನಟ್ಟು ಬೋಲ್ಟಿಗೆ ಹತ್ತಿದ್ರೆ ಕೆಲಸ ಮುಗೀತು ಅನ್ನೋ ನಂಬಿಕೆ ಅದು, ಮಾಮೂಲಿ ಬಾಗಿಲ ಹಿಂಜಿಗೋ ಟೇಬಲ್ಲಿಗೋ ಆದ್ರೆ ಆ ನಂಬಿಕೆ ನಡಿಯತ್ತೆ, ಚಕ್ರಕ್ಕೆ ನಡಿಯಲ್ಲ. ಚಕ್ರ ನಿಲ್ಲೋದು ಥ್ರೆಡ್ ಮೇಲಲ್ಲ, ನಟ್ಟಿನ ಮುಖ ವೀಲಿನ ತೂತಿನ ಬಾಯಿಗೆ ಹೇಗೆ ಕೂರತ್ತೆ ಅನ್ನೋದ್ರ ಮೇಲೆ, ಮತ್ತೆ ಆ ನಟ್ಟು ಕಾರಿನ ಯಾವ ಪಕ್ಕದಲ್ಲಿದೆ ಅನ್ನೋದ್ರ ಮೇಲೆ. ಇದನ್ನ ಎಷ್ಟು ಸಲ ಹೇಳಿದ್ರೂ ಸಾಲಲ್ಲ ಅಂತ ನಂಗೆ ಅನ್ಸಿದೆ, ಅದಕ್ಕೇ ಒಂದು ಕಡೆ ಪೂರ್ತಿ ಬರೆದುಬಿಡೋಣ ಅಂತ ಕೂತಿದೀನಿ. ಉದ್ದ ಆಗತ್ತೆ, ಗ್ಯಾರೇಜಿಗೆ ಹೋಗೋ ಮೊದಲು ಓದ್ಕೊಳ್ಳಿ.

ಮೊದಲು ನಿಮ್ಮ ಕಾರಿನ ಕಡ್ಡಿ ವೀಲು ಯಾವ ಜಾತಿದು ನೋಡ್ಕೊಳ್ಳಿ. ಎರಡು ಥರ ಇದೆ. ಒಂದು, ಮಾಮೂಲಿ ಚಕ್ರದ ಹಾಗೇ ನಾಲ್ಕೋ ಐದೋ ಸ್ಟಡ್ (ಹಬ್ಬಿಂದ, ಅಂದ್ರೆ ಚಕ್ರ ಕೂರೋ ನಡುವಿನ ಭಾಗದಿಂದ, ಹೊರಚಾಚಿರೋ ಬೋಲ್ಟು) ಮೇಲೆ ಕೂತು ಅಷ್ಟೇ ನಟ್ಟಲ್ಲಿ ಬಿಗಿಯೋದು, ಆ ನಟ್ಟಿಗೆ ಲಗ್ ನಟ್ಟು ಅಂತಾರೆ, ಫೋರ್ಡ್ ಮಾಡೆಲ್ ಎ ಇದಕ್ಕೆ ಎಲ್ಲಾರಿಗೂ ಗೊತ್ತಿರೋ ಉದಾಹರಣೆ. ಇನ್ನೊಂದು, ನಡುವೆ ಒಂದೇ ಒಂದು ದೊಡ್ಡ ನಟ್ಟು, ಅದಕ್ಕೆ ಎರಡೋ ಮೂರೋ ಕಿವಿ, ಸುತ್ತಿಗೆಯಲ್ಲಿ ಹೊಡೆದು ಬಿಚ್ಚೋದು, ಎಂಜಿ, ಆಸ್ಟಿನ್ ಹೀಲಿ, ಟ್ರಯಂಫ್, ಜಾಗ್ವಾರ್ ಇವುಗಳಲ್ಲಿ ಬರತ್ತಲ್ಲ ಅದು. ನಾಕ್ ಆಫ್ ಅಂತಾರೆ, ಸ್ಪಿನ್ನರ್ ಅಂತಾನೂ ಅಂತಾರೆ. ಇವೆರಡಕ್ಕೂ ನಟ್ಟು ಆರಿಸೋ ರೀತಿ ಬೇರೆ, ಬಿಗಿಯೋ ರೀತಿ ಬೇರೆ, ಕೆಲವು ವಿಷಯದಲ್ಲಂತೂ ಪೂರ್ತಿ ಉಲ್ಟಾ.

ಮಾಡೆಲ್ ಎ ಇಂದ ಶುರು ಮಾಡ್ತೀನಿ, ಯಾಕಂದ್ರೆ ನಮ್ಮ ಕಡೆ ಇದು ಈಗ್ಲೂ ಒಳ್ಳೇ ಸಂಖ್ಯೆಯಲ್ಲಿದೆ. 1927ರ ಕೊನೆಯಿಂದ 1931ರವರೆಗೆ ಫೋರ್ಡ್ ಇದನ್ನ 48 ಲಕ್ಷಕ್ಕೂ ಹೆಚ್ಚು ಮಾಡ್ತು, ಬ್ರಿಟಿಷ್ ಸಾಮ್ರಾಜ್ಯದ ಮಾರುಕಟ್ಟೆ ಫೋರ್ಡ್ ಕೆನಡಾ ಕೈಯಲ್ಲಿ ಇದ್ದಿದ್ರಿಂದ ಇಂಡಿಯಾಗೆ ಬಂದ ರೈಟ್ ಹ್ಯಾಂಡ್ ಗಾಡಿಗಳು ಅಲ್ಲಿಂದ ಬಂದವು. ಮೊದಲ ಎರಡು ವರ್ಷದವಕ್ಕೆ 21 ಇಂಚಿನ ಚಕ್ರ, 1930-31ರವಕ್ಕೆ 19 ಇಂಚು. ಕಡ್ಡಿಗಳು ವೆಲ್ಡ್ ಆಗಿರೋವು, ಸೈಕಲ್ ಥರ ನಿಪ್ಪಲ್ ತಿರುಗಿಸಿ ಬೆಂಡ್ ತೆಗೆಯೋಕೆ ಆಗಲ್ಲ, ಹಾಗಾಗಿ ಚಕ್ರ ಅಲ್ಲಾಡ್ತಿದೆ ಅಂದ್ರೆ ಕಡ್ಡಿ ಬೈಯೋ ಮೊದಲು ನಟ್ಟು ಕೂತಿರೋ ಜಾಗ ನೋಡ್ಬೇಕು. ಐದು ಸ್ಟಡ್, ಐದೂವರೆ ಇಂಚಿನ ವೃತ್ತದ ಮೇಲೆ, ಸ್ಟಡ್ಡಿನ ದಪ್ಪ 1/2 ಇಂಚು, ಒಂದು ಇಂಚು ಉದ್ದಕ್ಕೆ 20 ಥ್ರೆಡ್.

ಈ ಇಂಚಿಗೆ 20 ಅನ್ನೋ ಭಾಗನ ಬಿಟ್ಟು ಬರೀ ಅರ್ಧ ಇಂಚು ಅಂತ ಕೇಳಿದ್ರೆ ಅಂಗಡಿಯಲ್ಲಿ ಏನು ಬೇಕಾದ್ರೂ ಕೈಗೆ ಕೊಡಬಹುದು. ಥ್ರೆಡ್ಡಿಗೆ ಬೇರೆ ಬೇರೆ ಅಳತೆ ಪದ್ಧತಿ ಇದೆ, ಅರ್ಧ ಇಂಚಿನ ವಿಟ್ವರ್ತ್ ಅಂದ್ರೆ ಇಂಚಿಗೆ 12 ಥ್ರೆಡ್, ಯು.ಎನ್.ಸಿ. ಅಂದ್ರೆ 13, ಬಿ.ಎಸ್.ಎಫ್. ಅಂದ್ರೆ 16, ಯು.ಎನ್.ಎಫ್. ಅಂದ್ರೆ 20. ಅಮೆರಿಕದ ಗಾಡಿಗೆ ಬೇಕಾಗಿರೋದು ಆ ಕೊನೇದು. ಬ್ರಿಟಿಷ್ ಗಾಡಿ, ಅದೂ ಯುದ್ಧಕ್ಕಿಂತ ಮುಂಚಿನದು ಆದ್ರೆ ಬಿ.ಎಸ್.ಎಫ್. ಇರೋ ಸಾಧ್ಯತೆನೇ ಜಾಸ್ತಿ, ಅದರ ಥ್ರೆಡ್ಡಿನ ಕೋನಾನೇ ಬೇರೆ, ಅದೂ ಸೇರಿದ ವಿಟ್ವರ್ತ್ ಕುಟುಂಬಕ್ಕೆ 55 ಡಿಗ್ರಿ, ಅಮೆರಿಕದವಕ್ಕೂ ಮೆಟ್ರಿಕ್ಕಿಗೂ 60. 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಮೂರೂ ಸೇರಿ ಯುನಿಫೈಡ್ ಥ್ರೆಡ್ ಅಂತ ಒಪ್ಕೊಂಡ ಮೇಲೇನೇ ಬ್ರಿಟಿಷ್ ಕಾರುಗಳು ನಿಧಾನಕ್ಕೆ ಯು.ಎನ್.ಎಫ್.ಗೆ ಬಂದಿದ್ದು. ಹಳೇ ಎಂಜಿ ಇಂಜಿನ್ನುಗಳದ್ದು ಇನ್ನೂ ವಿಚಿತ್ರ, ಎಂಜಿಗೆ ಇಂಜಿನ್ ಕೊಡ್ತಿದ್ದ ಮಾರಿಸ್ ಕಂಪನಿ ಕೊವೆಂಟ್ರಿಯಲ್ಲಿದ್ದ ಫ್ರೆಂಚ್ ಮೂಲದ ಹಾಚ್ಕಿಸ್ ಕಾರ್ಖಾನೆನೇ ಕೊಂಡು ಅಲ್ಲೇ ಇಂಜಿನ್ ಮಾಡಿಸ್ತಿದ್ದಿದ್ರಿಂದ ಒಳಗಡೆ ಥ್ರೆಡ್ ಮೆಟ್ರಿಕ್, ಹೊರಗಡೆ ಹೆಡ್ ಮಾತ್ರ ವಿಟ್ವರ್ತ್ ಸ್ಪ್ಯಾನರಿಗೆ. ಅಂದ್ರೆ ಸ್ಪ್ಯಾನರ್ ಹಿಡೀತು ಅಂತ ಥ್ರೆಡ್ ಯಾವುದು ಅಂತ ಊಹೆ ಮಾಡೋ ಹಾಗೇ ಇಲ್ಲ.

ನಮ್ಮ ದೇಶದಲ್ಲಿ ಜಾಸ್ತಿ ಹುಷಾರಾಗಿರಬೇಕಾದ ವಿಷ್ಯ ಇನ್ನೊಂದಿದೆ. ಅರ್ಧ ಇಂಚು ಅಂದ್ರೆ 12.7 ಮಿಲಿಮೀಟರ್, ಅದರ ಪಿಚ್ಚು, ಅಂದ್ರೆ ಒಂದು ಥ್ರೆಡ್ಡಿಂದ ಇನ್ನೊಂದಕ್ಕೆ ಇರೋ ದೂರ, 1.27. ಮಾರುತಿ ಗಾಡಿಗಳ ವೀಲ್ ಸ್ಟಡ್ 12 ಮಿಲಿಮೀಟರ್, ಪಿಚ್ಚು 1.25. ನೋಡಿ, ಎಷ್ಟು ಹತ್ತಿರ. ಎಪ್ಪತ್ತು ಎಂಬತ್ತು ವರ್ಷದಲ್ಲಿ ಯಾವಾಗ್ಲೋ ಒಂದು ಸ್ಟಡ್ ಮುರಿದಿರತ್ತೆ, ಸುಲಭವಾಗಿ ಸಿಕ್ತು ಅಂತ 12 ಎಂಎಂ ಸ್ಟಡ್ ಹೊಡೆದಿರ್ತಾರೆ, ಆಮೇಲೆ ಬಂದೋರು ಎಲ್ಲಾದಕ್ಕೂ ಅರ್ಧ ಇಂಚಿನ ನಟ್ಟು ಹಾಕ್ತಾರೆ. ಆ 12 ಎಂಎಂ ಸ್ಟಡ್ ಮೇಲೆ ಅರ್ಧ ಇಂಚಿನ ನಟ್ಟು ಹತ್ತತ್ತೆ, ಕೈಯಲ್ಲೇ ನುಣ್ಣಗೆ ತಿರುಗತ್ತೆ, ಬಿಗಿಯೋಕೂ ಆಗತ್ತೆ ಒಂದು ಮಟ್ಟಕ್ಕೆ, ಆದ್ರೆ ಥ್ರೆಡ್ಡಿನ ತುದಿ ತುದಿ ಮಾತ್ರ ಒಂದಕ್ಕೊಂದು ಹಿಡ್ಕೊಂಡಿರತ್ತೆ. ಲೋಡ್ ಬಿದ್ದಾಗ ಕಿತ್ಕೊಂಡು ಬರತ್ತೆ. ಉಲ್ಟಾ ಕೇಸಲ್ಲಿ, ಅಂದ್ರೆ ಮಾರುತಿ ನಟ್ಟನ್ನ ಅರ್ಧ ಇಂಚಿನ ಸ್ಟಡ್ಡಿಗೆ ಹಾಕೋಕೆ ಹೋದ್ರೆ, ಶುರುನೇ ಆಗಲ್ಲ, ಹಾಗಾಗಿ ಅದು ಅಪಾಯ ಅಲ್ಲ. ಅಪಾಯ ಇರೋದು ಸಲೀಸಾಗಿ ಹತ್ತೋ ನಟ್ಟಲ್ಲೇ. ಅದಕ್ಕೆ ನಟ್ಟು ಕೊಳ್ಳೋ ಮೊದಲು ಪ್ರತಿಯೊಂದು ಸ್ಟಡ್ಡನ್ನೂ, ಒಂದನ್ನ ಅಲ್ಲ ಪ್ರತಿಯೊಂದನ್ನೂ, ವರ್ನಿಯರ್ ಇಟ್ಟು ಅಳೀರಿ, ಥ್ರೆಡ್ ಗೇಜ್ ಇಟ್ಟು ನೋಡಿ. ಥ್ರೆಡ್ ಗೇಜ್ ಏನೂ ದುಬಾರಿ ಸಾಮಾನಲ್ಲ, ಹಳೇ ಕಾರು ಇಟ್ಕೊಂಡೋರ ಮನೇಲಿ ಅದು ಇರಲೇಬೇಕು.

ಸ್ಟಡ್ ಬದಲಾಯಿಸೋದೇ ಆದ್ರೆ ಮಾಡೆಲ್ ಎ ನಲ್ಲಿ ಒಂದು ಸೂಕ್ಷ್ಮ ಇದೆ. ಅದರ ಸ್ಟಡ್ಡುಗಳು ಹಬ್ಬನ್ನೂ ಬ್ರೇಕ್ ಡ್ರಮ್ಮನ್ನೂ ಸೇರಿಸಿ ರಿವೆಟ್ ಥರ ಹಿಗ್ಗಿಸಿ ಕೂರಿಸಿರೋವು. ಆ ಹಿಗ್ಗಿರೋ ಕಾಲರನ್ನ ಮೊದಲು ಕಟ್ ಮಾಡದೆ ಪ್ರೆಸ್ಸಲ್ಲಿ ಇಟ್ಟು ಒತ್ತಿದ್ರೆ ಹಬ್ಬಿನ ತೂತೇ ದೊಡ್ಡದಾಗಿ ಹೋಗತ್ತೆ, ಆಮೇಲೆ ಯಾವ ಸ್ಟಡ್ಡೂ ಬಿಗಿಯಾಗಿ ನಿಲ್ಲಲ್ಲ. ಇದು ಗೊತ್ತಿರೋ ಮೆಕ್ಯಾನಿಕ್ ಹತ್ರನೇ ಮಾಡಿಸಿ.

ಈಗ ಮುಖ್ಯ ವಿಷಯಕ್ಕೆ ಬರೋಣ, ಸೀಟು, ಅಂದ್ರೆ ನಟ್ಟಿನ ಮುಖ ತೂತಿನ ಬಾಯಿಗೆ ಕೂರೋ ಜಾಗ. ನಟ್ಟಿನ ಮುಂಭಾಗ ಮೂರು ಆಕಾರದಲ್ಲಿ ಬರತ್ತೆ. ಇಳಿಜಾರಾಗಿ ಮೊನಚಾಗಿರೋದು, ಗುಂಡಗೆ ಚೆಂಡಿನ ಹಾಗಿರೋದು, ಚಪ್ಪಟೆ ಇದ್ದು ವಾಶರ್ ಹಾಕೋದು. ಮೊನಚು ನಟ್ಟಿಗೆ ಮೊನಚು ತೂತೇ ಬೇಕು, ಗುಂಡಿಗೆ ಗುಂಡಗಿನ ತೂತೇ ಬೇಕು. ಮೊನಚು ನಟ್ಟನ್ನ ಗುಂಡು ತೂತಿಗೆ ಹಾಕಿದ್ರೂ ಬಿಗಿಯಾಗತ್ತೆ, ಬಿಗಿ ಅಳೆಯೋ ಟಾರ್ಕ್ ರೆಂಚ್ ಕ್ಲಿಕ್ ಅನ್ನತ್ತೆ, ಎಲ್ಲಾ ಸರಿ ಇದೆ ಅನ್ಸತ್ತೆ, ಆದ್ರೆ ಒಂದು ತೆಳು ಗೆರೆಯಷ್ಟು ಜಾಗದಲ್ಲಿ ಮಾತ್ರ ತಾಗಿರತ್ತೆ. ಸ್ವಲ್ಪ ದೂರ ಓಡಿದ ಮೇಲೆ ಆ ಗೆರೆ ಸವೆದು ಕೂರತ್ತೆ, ಕೂತ ಅಷ್ಟೂ ಬಿಗಿ ಕಮ್ಮಿ ಆಗತ್ತೆ. ಚಕ್ರದಲ್ಲಿ ಲೋಡ್ ಹೊರೋದು ಸ್ಟಡ್ಡಿನ ಕಬ್ಬಿಣ ಅಡ್ಡಕ್ಕೆ ನಿಂತು ಅಲ್ಲ, ನಟ್ಟು ಚಕ್ರನ ಹಬ್ಬಿಗೆ ಒತ್ತಿ ಹಿಡಿದಿರತ್ತಲ್ಲ, ಆ ಒತ್ತಿನಿಂದ ಹುಟ್ಟೋ ಘರ್ಷಣೆ ಹೊರೋದು. ಒತ್ತು ಹೋಯ್ತು ಅಂದ್ರೆ ಚಕ್ರ ಹಬ್ಬಿನ ಮೇಲೆ ಜಾರೋಕೆ ಶುರು, ತೂತು ಮೊಟ್ಟೆ ಆಕಾರಕ್ಕೆ ತಿರುಗತ್ತೆ, ಸ್ಟಡ್ ಬೆಂಡ್ ಆಗಿ ಆಗಿ ಒಂದಿನ ತುಂಡಾಗತ್ತೆ. ಕಡ್ಡಿ ವೀಲಿನ ನಡುವಿನ ತಟ್ಟೆ ಒತ್ತಿ ಮಾಡಿರೋ ಶೀಟು, ಈಗಿನ ಅಲಾಯ್ ಚಕ್ರದ ಹಾಗೆ ದಪ್ಪ ಲೋಹ ಅಲ್ಲ, ಅದು ಸೀಟಲ್ಲಿ ತಪ್ಪನ್ನ ಸಹಿಸಲ್ಲ.

ನೋಡೋದು ಹೇಗೆ? ಸುಲಭ. ವೈಟ್ ಬೋರ್ಡ್ ಮಾರ್ಕರೋ ಇಂಜಿನಿಯರ್ಸ್ ಬ್ಲೂ ಅನ್ನೋ ಗುರುತಿನ ನೀಲಿ ಬಣ್ಣನೋ ನಟ್ಟಿನ ಇಳಿಜಾರಿಗೆ ಬಳೀರಿ, ಚಕ್ರದ ತೂತನ್ನ ಒರೆಸಿ ಕ್ಲೀನ್ ಮಾಡಿ ನಟ್ಟು ಕೈಯಲ್ಲಿ ಕೂರಿಸಿ ಒಂದು ಕಾಲು ಸುತ್ತು ತಿರುಗಿಸಿ ತೆಗೀರಿ. ಬಣ್ಣ ಸುತ್ತಲೂ ಒಂದು ಅಗಲವಾದ ಪಟ್ಟಿಯಾಗಿ ಅಂಟಿದ್ರೆ ಸೀಟು ಸರಿ. ಮೇಲಿನ ಅಂಚಲ್ಲಿ ಮಾತ್ರ ಗೆರೆ, ಅಥವಾ ಕೆಳಗಿನ ಅಂಚಲ್ಲಿ ಮಾತ್ರ ಗೆರೆ ಬಿದ್ರೆ ಕೋನ ಬೇರೆ. ಒಂದು ಪಕ್ಕ ಮಾತ್ರ ಬಿದ್ರೆ ತೂತು ಸವೆದಿದೆ ಇಲ್ಲಾ ಸ್ಟಡ್ ಬಾಗಿದೆ. ಐದು ನಿಮಿಷದ ಕೆಲಸ, ನಟ್ಟಿನ ವಿಷಯದಲ್ಲಿ ಇದಕ್ಕಿಂತ ಒಳ್ಳೇ ಟೆಸ್ಟ್ ನಂಗೆ ಗೊತ್ತಿಲ್ಲ, ಅಂಗಡಿಯೋರು "ಇದೇ ಸಾರ್ ಒರಿಜಿನಲ್ಲು" ಅಂದ್ರೂ ಬಣ್ಣ ಬಳಿದೇ ನೋಡಿ.

ಲೇತಲ್ಲಿ ಮಾಡಿಸೋರಿಗೆ ಒಂದು ಮಾತು. ಮಾರ್ಕೆಟ್ಟಲ್ಲಿ ಸಿಗ್ದೇ ಇದ್ದಾಗ ಲೇತ್ ಶಾಪಿಗೆ ಹೋಗೋದು ನಮ್ಮಲ್ಲಿ ಸಾಮಾನ್ಯ, ತಪ್ಪೇನಿಲ್ಲ, ಒಳ್ಳೇ ಟರ್ನರ್ ಸಿಕ್ಕಿದ್ರೆ ವಿದೇಶದಿಂದ ತರಿಸೋದಕ್ಕಿಂತ ಚೆನ್ನಾಗೇ ಮಾಡ್ತಾರೆ. ಆದ್ರೆ "60 ಡಿಗ್ರಿ ಕೋನ್ ಬೇಕಣ್ಣ" ಅಂತ ಬಾಯಲ್ಲಿ ಹೇಳಿ ಬಂದ್ರೆ ಅವ್ರು ಕಾಂಪೌಂಡ್ ಸ್ಲೈಡನ್ನ, ಅಂದ್ರೆ ಲೇತಲ್ಲಿ ಕತ್ತರಿಸೋ ಕೋನ ಇಡೋ ಭಾಗನ, 60ಕ್ಕೇ ತಿರುಗಿಸೋ ಸಾಧ್ಯತೆ ಇದೆ. ನಟ್ಟಿನ 60 ಅನ್ನೋದು ಎರಡೂ ಪಕ್ಕ ಸೇರಿ, ಅಂದ್ರೆ ನಡುಗೆರೆಯಿಂದ ಒಂದೊಂದು ಪಕ್ಕಕ್ಕೆ 30. ಸ್ಲೈಡ್ 60ಕ್ಕೆ ಇಟ್ರೆ ಬರೋದು 120 ಡಿಗ್ರಿಯ ಚಪ್ಪಟೆ ಕೋನ್, ಅದು ತೂತಿನ ಬಾಯಂಚಿಗೆ ಮಾತ್ರ ತಾಗತ್ತೆ. ಹಾಗಾಗಿ ಪೇಪರಲ್ಲಿ ಚಿತ್ರ ಬರೆದು "ಅಣ್ಣ, ಸೆಂಟರಿಂದ 30, ಎರಡೂ ಕಡೆ ಸೇರಿ 60" ಅಂತ ತೋರಿಸಿ, ಸಾಧ್ಯ ಆದ್ರೆ ಚಕ್ರನೇ ತಗೊಂಡು ಹೋಗಿ ಅಲ್ಲೇ ಬಣ್ಣ ಬಳಿದು ಕೂರಿಸಿ ನೋಡಿ. ಮೆಟೀರಿಯಲ್ ಇಎನ್ 8 ಅನ್ನೋ ಗಟ್ಟಿ ಉಕ್ಕು ಕೇಳಿ, ಮಾಮೂಲಿ ಎಂ.ಎಸ್. (ಮೈಲ್ಡ್ ಸ್ಟೀಲ್) ರಾಡು ಬೇಡ, ಸಲೀಸಾಗಿ ಕಟ್ ಆಗತ್ತೆ ಅಂತ ಫ್ರೀ ಕಟಿಂಗ್ ರಾಡಲ್ಲಿ ಮಾಡ್ಕೊಡ್ತೀನಿ ಅಂದ್ರೂ ಬೇಡ ಅನ್ನಿ. ಮೆತ್ತಗಿರೋ ನಟ್ಟಿನ ಥ್ರೆಡ್ಡು ನಾಲ್ಕು ಸಲ ಬಿಚ್ಚಿ ಹಾಕೋ ಹೊತ್ತಿಗೆ ಎಳೆದು ಹೋಗತ್ತೆ.

ಎಷ್ಟು ಥ್ರೆಡ್ ಹಿಡೀಬೇಕು ಅನ್ನೋದಕ್ಕೆ ಒಂದು ಲೆಕ್ಕ ಇಟ್ಕೊಳ್ಳಿ, ಸ್ಟಡ್ ಎಷ್ಟು ದಪ್ಪ ಇದೆಯೋ ಕನಿಷ್ಠ ಅಷ್ಟು ಉದ್ದ. ಅರ್ಧ ಇಂಚಿನ ಸ್ಟಡ್ಡು, ಇಂಚಿಗೆ 20 ಥ್ರೆಡ್ ಅಂದ್ರೆ ನಟ್ಟು ಹಿಡಿದಲ್ಲಿಂದ ಚಕ್ರಕ್ಕೆ ತಾಗೋವರೆಗೆ ಪೂರ್ತಿ ಹತ್ತು ಸುತ್ತು ತಿರುಗಬೇಕು. ಆರು ಸುತ್ತಿಗೇ ನಿಂತ್ರೆ ಸ್ಟಡ್ ಗಿಡ್ಡ. ಇದರ ವಿರುದ್ಧದ್ದೂ ಅಷ್ಟೇ ಕೆಟ್ಟದ್ದು, ಬಾಯಿ ಮುಚ್ಚಿರೋ ಕ್ರೋಮ್ ನಟ್ಟು ನೋಡೋಕೆ ಚಂದ, ಆದ್ರೆ ಸ್ಟಡ್ ಉದ್ದ ಇದ್ರೆ ಅದರ ತುದಿ ನಟ್ಟಿನ ಒಳಗಿನ ತಲೆಗೆ ಹೋಗಿ ಗುದ್ದತ್ತೆ, ಸ್ಪ್ಯಾನರಿಗೆ ಬಿಗಿಯಾದ ಹಾಗೆ ಗೊತ್ತಾಗತ್ತೆ, ಚಕ್ರ ಮಾತ್ರ ಲೂಸು. ಸ್ಟಡ್ ತುದಿಗೆ ಚೂರು ಜೇಡಿಮಣ್ಣು ಇಟ್ಟು ನಟ್ಟು ಬಿಗಿದು ತೆಗೆದು ನೋಡಿದ್ರೆ ಒಳಗೆ ಎಷ್ಟು ಜಾಗ ಉಳಿದಿದೆ ಅಂತ ಗೊತ್ತಾಗತ್ತೆ. ಕ್ರೋಮ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ, ನಟ್ಟಿನ ಹೊರಮೈಗೆ ಕ್ರೋಮ್ ಇರಲಿ, ಸೀಟಾಗೋ ಇಳಿಜಾರಿಗೆ ಬೇಡ, ಅದು ಪದರ ಎದ್ರೆ ಸೀಟೇ ಹಾಳು. ತಗಡಿನ ಟೋಪಿ ಹಾಕಿರೋ ಎರಡು ತುಂಡಿನ ನಟ್ಟುಗಳಂತೂ ಹಳೇ ಕಾರಿಗೆ ಬೇಡವೇ ಬೇಡ, ಒಳಗೆ ತುಕ್ಕು ಹಿಡಿದು ಊದ್ಕೊಂಡ್ರೆ ಯಾವ ಸಾಕೆಟ್ಟೂ ಕೂರಲ್ಲ, ದಾರಿ ಮಧ್ಯ ಪಂಚರ್ ಆದಾಗ ಗೊತ್ತಾಗತ್ತೆ ಅದರ ಕಷ್ಟ.

ಪೌಡರ್ ಕೋಟಿಂಗ್ ಬಗ್ಗೆನೂ ಇಲ್ಲೇ ಹೇಳ್ಬಿಡ್ತೀನಿ. ಈಗ ರೆಸ್ಟೋರೇಶನ್ ಅಂದ್ರೆ ಎಲ್ಲಾರೂ ಚಕ್ರನ ಮೊದಲು ಪೌಡರ್ ಕೋಟಿಂಗಿಗೆ ಕೊಡ್ತಾರೆ, ಕಡ್ಡಿ ಕಡ್ಡಿಗೂ ಬ್ರಶ್ ಹಾಕೋ ಕೆಲಸ ಉಳಿಯತ್ತೆ ಅಂತ, ಅದು ನಿಜಾನೂ ಹೌದು. ಆದ್ರೆ ನಟ್ಟು ಕೂರೋ ತೂತಿನ ಬಾಯಿ, ಚಕ್ರ ಹಬ್ಬಿಗೆ ಒರಗೋ ಹಿಂಭಾಗ, ಇವೆರಡಕ್ಕೂ ಟೇಪ್ ಹಾಕಿ ಬಿಡ್ಸಿ. ಅಲ್ಲಿ ದಪ್ಪ ಕೋಟಿಂಗ್ ಕೂತಿದ್ರೆ ಓಡ್ತಾ ಓಡ್ತಾ ಅದು ಒತ್ತಿ ತೆಳ್ಳಗಾಗತ್ತೆ, ಅಷ್ಟಕ್ಕೇ ನಟ್ಟಿನ ಬಿಗಿ ಹೋಗಿರತ್ತೆ. ಆಗಲೇ ಕೋಟಿಂಗ್ ಆಗಿಹೋಗಿದ್ರೆ ಆ ಜಾಗದಲ್ಲಿ ಮಾತ್ರ ಕೆರೆದು ಬರೀ ಲೋಹಕ್ಕೆ ತಂದು ತೆಳುವಾಗಿ ಎಣ್ಣೆ ಒರೆಸಿ.

ಈಗ ಎಡ ಬಲದ ವಿಷಯ. ಇದೇ ನಂಗೆ ತುಂಬಾ ಇಷ್ಟವಾದ ಭಾಗ, ಮತ್ತೆ ಇದೇ ಬಹಳ ಜನ ಗಲಿಬಿಲಿ ಮಾಡ್ಕೊಳ್ಳೋ ಭಾಗ. ಹಳೇ ಅಮೆರಿಕನ್ ಗಾಡಿಗಳಲ್ಲಿ ಕ್ರೈಸ್ಲರ್ ಬಳಗ, ಅಂದ್ರೆ ಡಾಡ್ಜ್, ಪ್ಲಿಮತ್, ಡಿಸೋಟೋ, ಇವು ಸುಮಾರು 1970ರವರೆಗೂ ಕಾರಿನ ಎಡಗಡೆ ಚಕ್ರಕ್ಕೆ ಲೆಫ್ಟ್ ಥ್ರೆಡ್, ಅಂದ್ರೆ ಗಡಿಯಾರದ ವಿರುದ್ಧ ತಿರುಗಿಸಿದ್ರೆ ಬಿಗಿಯಾಗೋದು, ಇಡ್ತಿದ್ವು, ಬಲಗಡೆಗೆ ಮಾಮೂಲಿ ಥ್ರೆಡ್. ವಿಲ್ಲಿಸ್ ಜೀಪೂ ಹಾಗೇ. ಫೋರ್ಡ್ ಮಾಡೆಲ್ ಎ ಎರಡೂ ಕಡೆ ಮಾಮೂಲಿ ಥ್ರೆಡ್. ಆದ್ರೆ ಎಂಜಿ, ಜಾಗ್ವಾರ್ ಸ್ಪಿನ್ನರ್ ತಗೊಂಡ್ರೆ ಎಡಗಡೆಗೆ ಮಾಮೂಲಿ ರೈಟ್ ಥ್ರೆಡ್, ಬಲಗಡೆಗೆ ಲೆಫ್ಟ್ ಥ್ರೆಡ್. ಕ್ರೈಸ್ಲರಿಗೆ ಪೂರ್ತಿ ಉಲ್ಟಾ. ಎರಡರ ಉದ್ದೇಶವೂ ಒಂದೇ, ಚಕ್ರ ಮುಂದಕ್ಕೆ ಓಡ್ತಾ ಇದ್ದ ಹಾಗೆ ನಟ್ಟು ಬಿಗಿಯಾಗಬೇಕು, ಸಡಿಲ ಆಗಬಾರ್ದು. ಮತ್ಯಾಕೆ ಒಬ್ಬರದು ಹಾಗೆ, ಇನ್ನೊಬ್ಬರದು ಹೀಗೆ?

ಉತ್ತರ ಮತ್ತೆ ಸೀಟಲ್ಲೇ ಇದೆ. ಮಾಮೂಲಿ ಲಗ್ ನಟ್ಟಲ್ಲಿ ನಟ್ಟು ಗಂಡು, ತೂತು ಹೆಣ್ಣು, ನಟ್ಟಿನ ಮೊನಚು ತೂತಿನ ಒಳಗೆ ಹೋಗತ್ತೆ. ಸ್ಪಿನ್ನರಲ್ಲಿ ಉಲ್ಟಾ, ಚಕ್ರದ ನಡುವಿನ ಕೊಳವೆಯ ತುದಿ ಮೊನಚು, ದೊಡ್ಡ ನಟ್ಟಿನ ಒಳಭಾಗ ಟೊಳ್ಳು, ನಟ್ಟು ಚಕ್ರದ ಮೇಲೆ ಟೋಪಿ ಹಾಗೆ ಮುಚ್ಚತ್ತೆ. ಕಾರಿನ ತೂಕ ಹಬ್ಬನ್ನ ಕೆಳಗೆ ಒತ್ತತ್ತೆ, ರಸ್ತೆ ಚಕ್ರನ ಮೇಲಕ್ಕೆ ತಳ್ಳತ್ತೆ, ಆದ್ದರಿಂದ ನಟ್ಟಿಗೂ ಸೀಟಿಗೂ ಒಂದು ಪಕ್ಕದಲ್ಲಿ ಮಾತ್ರ ಜಾಸ್ತಿ ಒತ್ತು, ಚಕ್ರ ತಿರುಗಿದ ಹಾಗೆ ಆ ಒತ್ತು ಬೀಳೋ ಜಾಗ ಸುತ್ತಾ ಹೋಗತ್ತೆ. ಈಗ ಒಂದರ ಮೇಲೊಂದು ಉರುಳೋ ಎರಡು ವೃತ್ತ ಅಂತ ಯೋಚ್ನೆ ಮಾಡಿ, ಸುತ್ತಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ರೂ ದೊಡ್ಡದು ಒಂದು ಸುತ್ತಿಗೆ ಸ್ವಲ್ಪ ಹಿಂದೆ ಬೀಳತ್ತೆ, ಚಿಕ್ಕದು ಸ್ವಲ್ಪ ಮುಂದೆ ಹೋಗತ್ತೆ. ಕೈಯಲ್ಲಿ ಸಡಿಲವಾದ ಬಳೆ ಹಾಕ್ಕೊಂಡು ಕೈ ಗಿರ ಗಿರ ತಿರುಗಿಸಿದ್ರೆ ಬಳೆ ಕೈ ಜೊತೆ ಸಮವಾಗಿ ಬರದೆ ಹಿಂದೆ ಉಳೀತಾ ಬರತ್ತಲ್ಲ, ಹಾಗೆ. ಸ್ಪಿನ್ನರ್ ಹೊರಗಿರೋ ದೊಡ್ಡ ವೃತ್ತ, ಅದು ಚಕ್ರಕ್ಕಿಂತ ಹಿಂದೆ ಉಳಿಯೋಕೆ ನೋಡತ್ತೆ. ಕಾರಿನ ಎಡಗಡೆ ನಿಂತು ನೋಡಿ, ಮುಂದಕ್ಕೆ ಓಡೋ ಚಕ್ರ ಗಡಿಯಾರದ ವಿರುದ್ಧ ತಿರುಗತ್ತೆ, ಹಿಂದೆ ಬೀಳೋ ನಟ್ಟು ಅಂದ್ರೆ ಗಡಿಯಾರದ ದಿಕ್ಕು, ಮಾಮೂಲಿ ಥ್ರೆಡ್ ಬಿಗಿಯಾಗೋ ದಿಕ್ಕು. ಲಗ್ ನಟ್ಟು ಒಳಗಿರೋ ಚಿಕ್ಕ ವೃತ್ತ, ಅದು ಚಕ್ರಕ್ಕಿಂತ ಮುಂದೆ ಹೋಗೋಕೆ ನೋಡತ್ತೆ, ಎಡಗಡೆ ಅದು ಗಡಿಯಾರದ ವಿರುದ್ಧ, ಹಾಗಾಗಿ ಅಲ್ಲಿ ಲೆಫ್ಟ್ ಥ್ರೆಡ್ ಬೇಕು. ಎಷ್ಟು ಚಂದದ ಲೆಕ್ಕ ನೋಡಿ, ಇಬ್ಬರೂ ಸರಿ, ಇಬ್ಬರೂ ಒಂದೇ ನಿಯಮ ಪಾಲಿಸಿದಾರೆ.

ಇದು ಬರೀ ಪುಸ್ತಕದ ಮಾತಲ್ಲ. ಸ್ಪಿನ್ನರ್ ಗಾಡಿಯಲ್ಲಿ ಆಕ್ಸಲ್ ಕೆಲಸ ಮಾಡಿ ಮತ್ತೆ ಜೋಡಿಸೋವಾಗ ಎಡದ ಹಬ್ಬು ಬಲಕ್ಕೆ, ಬಲದ್ದು ಎಡಕ್ಕೆ ಹೋದ್ರೆ ಎಲ್ಲಾ ಹತ್ತತ್ತೆ, ಎಲ್ಲಾ ಬಿಗಿಯಾಗತ್ತೆ, ಗಾಡಿ ಓಡಿದ ಹಾಗೆ ನಟ್ಟು ತಾನಾಗೇ ಬಿಚ್ಕೊಳ್ಳತ್ತೆ. ಗಾಡಿ ತಗೊಳ್ಳೋವಾಗ ಇದನ್ನ ಮೊದಲು ಚೆಕ್ ಮಾಡಿ. ನೆನಪಿಡೋಕೆ ಒಂದು ಸುಲಭ ದಾರಿ, ಸ್ಪಿನ್ನರನ್ನ ಬಿಚ್ಚೋ ದಿಕ್ಕು ಯಾವಾಗ್ಲೂ ಚಕ್ರ ಮುಂದಕ್ಕೆ ಉರುಳೋ ದಿಕ್ಕು, ಬಿಗಿಯೋದು ಹಿಂದಕ್ಕೆ, ಎರಡೂ ಪಕ್ಕದಲ್ಲಿ. ಒರಿಜಿನಲ್ ನಟ್ಟಿನ ಮೇಲೆ ಬಾಣದ ಗುರುತೂ ಯಾವ ಪಕ್ಕದ್ದು ಅನ್ನೋದೂ ಕೆತ್ತಿರತ್ತೆ, ನಿಯರ್ ಸೈಡ್ ಅಂದ್ರೆ ಎಡ, ಆಫ್ ಸೈಡ್ ಅಂದ್ರೆ ಬಲ. ಅಮೆರಿಕದ ಪುಸ್ತಕ ಓದೋರು ಒಂದು ಗಮನಿಸಿ, ಅಲ್ಲಿ ಡ್ರೈವರ್ ಸೈಡ್ ಅಂದ್ರೆ ಎಡ, ನಮ್ಮಲ್ಲಿ ಅದು ಕ್ಲೀನರ್ ಸೈಡು, ಹಾಗಾಗಿ ಡ್ರೈವರ್ ಸೈಡಿಗೆ ಲೆಫ್ಟ್ ಥ್ರೆಡ್ ಅಂತ ಬರೆದಿದ್ರೆ ಅದನ್ನ ಎಡ ಅಂತಾನೇ ಓದ್ಕೊಳ್ಳಿ. ಕ್ರೈಸ್ಲರ್ ಗಾಡಿಗಳಲ್ಲಿ ಸ್ಟಡ್ಡೋ ಬೋಲ್ಟೋ ತುದಿಯಲ್ಲಿ ಎಲ್ ಅಂತ ಅಚ್ಚು ಇರತ್ತೆ, ತುಕ್ಕು ಕೆರೆದು ನೋಡಿ. ಲೆಫ್ಟ್ ಥ್ರೆಡ್ ಅಂತ ಗೊತ್ತಿಲ್ದೇ ಉದ್ದ ಪೈಪ್ ಹಾಕಿ ಉಲ್ಟಾ ಎಳೆದು ಸ್ಟಡ್ ಮುರಿದ ಹಳೇ ಗಾಡಿಗಳನ್ನ ನಾನು ಬೇಕಾದಷ್ಟು ನೋಡಿದೀನಿ.

ಸ್ಪಿನ್ನರ್ ಇತಿಹಾಸ ಸ್ವಲ್ಪ ಹೇಳ್ಬೇಕು. ಕೊವೆಂಟ್ರಿಯ ರಡ್ಜ್ ವಿಟ್ವರ್ತ್ ಅನ್ನೋ ಸೈಕಲ್ ಕಂಪನಿ ಬೇಗ ಬಿಚ್ಚಿ ಹಾಕೋ ಈ ಚಕ್ರನ ತಂದಿದ್ದು. 1908ರ ಫ್ರೆಂಚ್ ಗ್ರ್ಯಾಂಡ್ ಪ್ರೀಗೆ ನೇಪಿಯರ್ ತಂಡ ಇದನ್ನ ಹಾಕ್ಕೊಂಡು ಬರ್ತೀವಿ ಅಂದಾಗ ಸಂಘಟಕರು ಒಪ್ಪಲಿಲ್ಲ, ತಂಡ ರೇಸನ್ನೇ ಬಿಟ್ಟಿತು. ಆಮೇಲೆ ಇದೇ ರೇಸ್ ಕಾರುಗಳ ಮಾಮೂಲಿ ಚಕ್ರ ಆಯ್ತು, ಇಟಲಿಯಲ್ಲಿ ಬೊರಾನಿ 1922ರಲ್ಲಿ ಇದರ ಲೈಸೆನ್ಸ್ ಮೇಲೇನೇ ಶುರುವಾಗಿದ್ದು. ಕಿವಿ ಇರೋ ನಟ್ಟಿಗೆ ಪೆಟ್ಟು ಬಿದ್ದಿದ್ದು ಅಮೆರಿಕದ ಕಾನೂನಿಂದ, 1968ರ ಜನವರಿಯಿಂದ ಚಕ್ರದಿಂದ ಹೊರಚಾಚೋ ರೆಕ್ಕೆ ನಟ್ಟು ಹೊಸ ಕಾರಲ್ಲಿ ಇರಬಾರ್ದು ಅಂದ್ರು, ದಾರಿಹೋಕರಿಗೆ ಏಟಾಗತ್ತೆ ಅಂತ. ಅದಕ್ಕೇ ಎಂಟು ಮೂಲೆಯ ನಟ್ಟು ಬಂತು. ಎರಡೂ ಒಂದೇ ಹಬ್ಬಿಗೆ ಹೋಗತ್ತೆ. ನಂಗೆ ಕೇಳಿದ್ರೆ ದಿನಾ ಓಡ್ಸೋ ಗಾಡಿಗೆ ಎಂಟು ಮೂಲೆದೇ ವಾಸಿ, ನಮ್ಮ ರಸ್ತೆಯಲ್ಲಿ ಬೈಕಿನೋರು ಅಷ್ಟು ಹತ್ತಿರ ಬರ್ತಾರೆ, ಕಿವಿ ನಟ್ಟು ಅವರ ಕಾಲಿಗೆ ತಾಗೋದು ಕಷ್ಟ ಅಲ್ಲ. ಶೋಗೆ ಹೋಗೋವಾಗ ಕಿವಿದು ಹಾಕ್ಕೊಳ್ಳಿ.

ಸ್ಪಿನ್ನರ್ ಕೊಳ್ಳೋವಾಗ ಮೂರು ಸಂಗತಿ ಗೊತ್ತಿರಬೇಕು. ಹಬ್ಬಿನ ಅಳತೆ, ಎಂಜಿ, ಹೀಲಿ, ಟ್ರಯಂಫಿಗೆ 42 ಮಿಲಿಮೀಟರ್ ಜಾತಿ, ಜಾಗ್ವಾರಿಗೆ 52. ಆಮೇಲೆ ಥ್ರೆಡ್ಡು, ಎಂಜಿಯ ಎಂಜಿಬಿ ಮಾಡೆಲ್ಲಲ್ಲೇ ಎರಡಿದೆ, ಬ್ಯಾಂಜೋ ಅನ್ನೋ ಹಳೇ ಮಾದರಿಯ ಹಿಂದಿನ ಆಕ್ಸಲ್ ಇರೋದಕ್ಕೆ ಇಂಚಿಗೆ 12, ಆಮೇಲೆ ಬಂದ ಟ್ಯೂಬ್ ಆಕ್ಸಲಿಗೆ 8. ಮೂರನೇದು ಎಡವೋ ಬಲವೋ. ಕಾರು ಯಾವ ವರ್ಷದ್ದು ಅಂತ ಹೇಳಿ ಆರ್ಡರ್ ಮಾಡ್ಬೇಡಿ, ಇಷ್ಟು ವರ್ಷದಲ್ಲಿ ಆಕ್ಸಲ್ ಬದಲಾಗಿರಬಹುದು, ಹಬ್ಬಿನ ಥ್ರೆಡ್ ಮೇಲೆ ಸ್ಕೇಲ್ ಇಟ್ಟು ಒಂದು ಇಂಚಲ್ಲಿ ಎಷ್ಟು ಏಣು ಇದೆ ಎಣಿಸಿ. 8 ಆದ್ರೆ ಎರಡು ಏಣಿನ ನಡುವೆ 3 ಮಿಲಿಮೀಟರಿಗಿಂತ ಚೂರು ಜಾಸ್ತಿ, 12 ಆದ್ರೆ 2ರ ಹತ್ರ, ಕಣ್ಣಿಗೇ ಗೊತ್ತಾಗತ್ತೆ.

ಹೊಸ ಸ್ಪಿನ್ನರಿಗೆ ದುಡ್ಡು ಹಾಕೋ ಮೊದಲು ಹಬ್ಬಿನ ಸ್ಪ್ಲೈನ್ ನೋಡಿ, ಅಂದ್ರೆ ಚಕ್ರ ಜಾರದ ಹಾಗೆ ಹಿಡಿಯೋ ಉದ್ದುದ್ದ ಹಲ್ಲು. ತುದಿ ಚಪ್ಪಟೆ ಇದ್ರೆ ಒಳ್ಳೇದು, ಗರಗಸದ ಹಲ್ಲಿನ ಹಾಗೆ ಚೂಪಾಗಿದ್ರೆ ಸವೆದಿದೆ. ಚಕ್ರ ಜಾಕಿ ಮೇಲೆ ಎತ್ತಿ, ಬ್ರೇಕ್ ಒತ್ತಿಸಿ, ಚಕ್ರನ ಮುಂದೆ ಹಿಂದೆ ಅಲ್ಲಾಡಿಸಿದಾಗ ಟಕ್ ಅಂದ್ರೆ ನಟ್ಟು ಎಷ್ಟು ಹೊಸದಾದ್ರೂ ಪ್ರಯೋಜನ ಇಲ್ಲ. ಸವೆದ ಹಬ್ಬಿಗೆ ಹೊಸ ಚಕ್ರ ಹಾಕಿದ್ರೆ ಚಕ್ರದ ಸ್ಪ್ಲೈನೂ ಬೇಗ ಸವೆಯತ್ತೆ, ಹಬ್ಬು ಚಕ್ರ ಒಟ್ಟಿಗೇ ಬದಲಾಯಿಸೋ ಯೋಚ್ನೆ ಮಾಡಿ. ಮಲೆನಾಡು, ಕರಾವಳಿ ಕಡೆಯ ಗಾಡಿಗಳಲ್ಲಿ ಸ್ಪ್ಲೈನ್ ತುಕ್ಕು ಹಿಡಿದು ಚಕ್ರ ಹಬ್ಬಿಗೇ ಅಂಟ್ಕೊಂಡಿರೋದೂ ಇದೆ, ಮಳೆಗಾಲಕ್ಕೆ ಮುಂಚೆ ಒಂದ್ಸಲ ಬಿಚ್ಚಿ ಸ್ಪ್ಲೈನಿಗೂ ಥ್ರೆಡ್ಡಿಗೂ ಗ್ರೀಸ್ ಹಚ್ಚಿ.

ಲಗ್ ನಟ್ಟಿನ ಥ್ರೆಡ್ಡಿಗೆ ಮಾತ್ರ ಗ್ರೀಸ್ ಬೇಡ, ಒಣಗಿದ್ದಾಗಿನ ಟಾರ್ಕ್ ಅಂಕಿನೇ ಪುಸ್ತಕದಲ್ಲಿ ಇರೋದು, ಗ್ರೀಸ್ ಹಾಕಿದ್ರೆ ಅದೇ ಅಂಕಿಗೆ ಸ್ಟಡ್ ಜಾಸ್ತಿ ಎಳೆಯತ್ತೆ. ಬಿಗಿಯೋದ್ರಲ್ಲೂ ಇವೆರಡು ಉಲ್ಟಾ. ಸ್ಪಿನ್ನರನ್ನ ಚಕ್ರ ಗಾಳಿಯಲ್ಲಿ ಇದ್ದಾಗಲೇ ಪೂರ್ತಿ ಬಿಗೀಬೇಕು, ಯಾಕಂದ್ರೆ ಕೆಳಗಿಳಿಸಿದ್ರೆ ತೂಕಕ್ಕೆ ಚಕ್ರ ಮೊನಚಿನ ಮೇಲೆ ಒಂದು ಪಕ್ಕಕ್ಕೆ ವಾಲಿ ನಿಲ್ಲತ್ತೆ, ಸೆಂಟರಿಗೆ ಬರಲ್ಲ. ಹೊಡೆಯೋಕೆ ತಾಮ್ರದ ಸುತ್ತಿಗೆ, ಕಬ್ಬಿಣದ್ದು ಬೇಡ, ಕ್ರೋಮ್ ಸೀಳತ್ತೆ. ಲಗ್ ನಟ್ಟನ್ನ ಜಾಕಿ ಮೇಲೆ ಇರೋವಾಗ ಕೈ ಬಿಗಿ ಮಾಡಿ ಎದುರು ಬದುರು ಕೂರಿಸಿ, ಕೊನೇ ಟಾರ್ಕ್ ನೆಲಕ್ಕಿಳಿಸಿ ಕೊಡೋದು, ಮಾಡೆಲ್ ಎ ಗೆ 60ರಿಂದ 65 ಅಡಿ ಪೌಂಡ್ ಸಾಕು, ಅಂದ್ರೆ 81ರಿಂದ 88 ನ್ಯೂಟನ್ ಮೀಟರ್. ಟೈರ್ ಅಂಗಡಿಯೋರಿಗೆ ಹೇಳಿ, "ಅಣ್ಣ, ಗನ್ ಬೇಡ, ಕೈಯಲ್ಲೇ ಹಾಕಿ, ನಾನೇ ಟೈಟ್ ಮಾಡ್ಕೋತೀನಿ" ಅಂತ.

ಸ್ಟಡ್ ಇರೋ ಗಾಡಿಗೆ ಅಡಾಪ್ಟರ್ (ಸ್ಟಡ್ ಮೇಲೆ ಕೂತು ಸ್ಪ್ಲೈನ್ ಹಬ್ಬಿನ ಕೆಲಸ ಮಾಡೋ ತುಂಡು) ಹಾಕಿ ಸ್ಪಿನ್ನರ್ ವೀಲ್ ಮಾಡ್ಕೊಳ್ಳೋರಿಗೂ ಒಂದು ಮಾತು ಹೇಳ್ಬೇಕು. ಅಡಾಪ್ಟರ್ ಹಿಡಿಯೋಕೆ ಗಿಡ್ಡ ನಟ್ಟುಗಳೇ ಬರತ್ತೆ, ಮಾಮೂಲಿ ಎತ್ತರದ್ದು ಹಾಕಿದ್ರೆ ಚಕ್ರದ ಒಳಭಾಗಕ್ಕೆ ತಾಗತ್ತೆ. ನಟ್ಟಿಂದ ಆಚೆ ಉಳಿದ ಸ್ಟಡ್ ತುದಿನೂ ಮಟ್ಟಕ್ಕೆ ಕತ್ತರಿಸಬೇಕು. ಇಲ್ಲಾಂದ್ರೆ ಸ್ಪಿನ್ನರ್ ಬಿಗಿಯಾದ ಹಾಗೆ ಕಾಣತ್ತೆ, ಆದ್ರೆ ಚಕ್ರ ಸ್ಟಡ್ ತುದಿಗೆ ಒರಗಿ ನಿಂತಿರತ್ತೆ, ಮೊನಚಿಗೆ ಕೂತಿರಲ್ಲ. ಇದಕ್ಕೂ ಅದೇ ಬಣ್ಣದ ಟೆಸ್ಟ್ ಮಾಡಿ.

ಯಾವ ನಟ್ಟೇ ಆಗಲಿ, ಹೊಸದು ಹಾಕಿದ ಮೇಲೆ ಐವತ್ತರಿಂದ ನೂರು ಕಿಲೋಮೀಟರ್ ಓಡ್ಸಿ, ತಣ್ಣಗಾದ ಮೇಲೆ ಮತ್ತೆ ಟಾರ್ಕ್ ನೋಡಿ. ಒಂದೇ ನಟ್ಟು ಪದೇ ಪದೇ ಸಡಿಲ ಆಗ್ತಿದ್ರೆ ಮತ್ತೆ ಮತ್ತೆ ಬಿಗಿದು ಬಿಡಬೇಡಿ, ಆ ತೂತನ್ನ ಬಿಚ್ಚಿ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಜೊತೆ ಎರಡು ನಟ್ಟು ಸ್ಪೇರ್ ಇಡಿ, ಎಡ ಬಲ ಬೇರೆ ಇರೋ ಗಾಡಿಯಾದ್ರೆ ಎರಡೂ ಥರದ್ದು, ಬೇರೆ ಬೇರೆ ಡಬ್ಬಿಯಲ್ಲಿ, ಮೇಲೆ ಬಣ್ಣದಲ್ಲಿ ಬರೆದು.